ಸುಂಕಸಾಳಕ್ಕೆ ಮಾಲ್ ಎಷ್ಟು ದೂರ?

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಗೆ ಸರ್ಕಾರ 52 ಎಂದು ನಂಬರು ಬದಲಿಸಿ ವರ್ಷಗಳೇ ಕಳೆದವು. ಅದರ ಬದಿಯ ಊರಾದ ಸುಂಕಸಾಳದವರ ಬಾಯಲ್ಲಿ ಅದು ಇನ್ನೂ 63. ಗಂಗಾವಳಿಯ ಕಣಿವೆಯಲ್ಲಿ ಕಾಡಿನ ನಡುವೆ ಹಾದು ಅರಬೈಲ್ ಘಟ್ಟ ಹತ್ತುವ ಈ ರಸ್ತೆಯಲ್ಲಿ ಹಗಲೂ ರಾತ್ರಿಯೂ ಲಾರಿಗಳದ್ದೇ ಸಾಲು. ಒಂದು ಕಾಲದಲ್ಲಿ ಲಾರಿಯೊಳಗೆ ಏನಿದೆ ಎಂದು ಬಣ್ಣ ನೋಡಿಯೇ ಹೇಳಬಹುದಿತ್ತು. ಕೆಂಪು ಧೂಳೆಬ್ಬಿಸುತ್ತ ಇಳಿದು ಬಂದರೆ ಅದು ಬಳ್ಳಾರಿಯ ಅದಿರು, ಹೊರಟಿದ್ದು ಬೇಲೇಕೇರಿ ಬಂದರಿಗೆ. ಆ ಗಲಾಟೆ 2010ರ ಹೊತ್ತಿಗೆ ಮುಗಿಯಿತು. ಈಗ ಓಡಾಡುವ ವ್ಯಾನುಗಳ ಬಾಗಿಲಿಗೆ ಬೀಗ. ಒಳಗೆ ಯಾರದೋ ಚಪ್ಪಲಿ, ಯಾರದೋ ಮಿಕ್ಸರು, ಯಾರದೋ ಮಗುವಿನ ಹುಟ್ಟುಹಬ್ಬದ ಫ್ರಾಕು. ಅವುಗಳಲ್ಲಿ ಒಂದೆರಡು ಈ ಊರಿನ ವಿಳಾಸದವೂ ಇರುತ್ತವೆ.

ವಿಳಾಸ ಎಂದರೆ ಇಲ್ಲಿ ಮನೆ ನಂಬರು, ಅಡ್ಡರಸ್ತೆ ಅಲ್ಲ. ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು, ಗದ್ದೆ ಬಯಲು ದಾಟಬೇಕು, ಹಳ್ಳದ ಮೇಲಿನ ಕಾಲುಸಂಕದಲ್ಲಿ ನಡೆಯಬೇಕು, ಆಮೇಲೆ ಅಡಿಕೆ ತೋಟದ ತಲೆಯಲ್ಲಿ ಒಂದು ಮನೆ. ಪಾರ್ಸೆಲ್ ತರುವ ಹುಡುಗನ ಬೈಕು ಅಷ್ಟು ದೂರ ಬರುವುದಿಲ್ಲ. ಬರಲಿ ಎಂದು ಹೇಳಲು ಮನೆಯಲ್ಲಿ ಫೋನಿಗೆ ಸಿಗ್ನಲ್ ಇರಬೇಕಲ್ಲ? ಹಾಗಾಗಿ ಒಂದು ಒಪ್ಪಂದ ತಾನಾಗಿ ಹುಟ್ಟಿಕೊಂಡಿದೆ. ಹೆದ್ದಾರಿ ಬದಿಯ ಪರಿಚಯದ ಅಂಗಡಿಯಲ್ಲಿ ಪಾರ್ಸೆಲ್ ಇಟ್ಟು ಹೋಗುವುದು, ಹಾಲು ಡೇರಿಗೆ ಬಂದವರು ಒಯ್ಯುವುದು. ಇದರಲ್ಲಿರುವ ತಮಾಷೆ ಅಂಗಡಿಯವರಿಗೂ ಗೊತ್ತು. ತಮ್ಮಲ್ಲಿ ಖರ್ಚಾಗಬೇಕಿದ್ದ ಸಾಮಾನನ್ನು ತಾವೇ ಪುಕ್ಕಟೆ ಕಾದು, ಗಿರಾಕಿಯ ಕೈಗೆ ದಾಟಿಸುತ್ತಿದ್ದಾರೆ. ‘ಶೇಟ್ರೆ, ನಮ್ದೊಂದು ಬಾಕ್ಸ್ ಬಂದದ್ಯಾ?’ ಎಂದು ಕೇಳುವವರು ಹೋಗುವಾಗ ಒಂದು ಬೆಂಕಿಪೊಟ್ಟಣವಾದರೂ ಕೊಳ್ಳುತ್ತಾರೆ. ಮುಖದಾಕ್ಷಿಣ್ಯ ಅಷ್ಟಾದರೂ ಉಳಿದಿದೆ.

ಫೋನಿನೊಳಗಿನ ಅಂಗಡಿ ಹೀಗೆ ಸುಂಕಸಾಳದ ಹೆದ್ದಾರಿವರೆಗೆ ಬಂದು ನಿಂತಿದೆ. ಮಾಲ್ ಮಾತ್ರ ಬಂದಿಲ್ಲ. ಎರಡು ಮಹಡಿ, ಗಾಜಿನ ಬಾಗಿಲು, ಎಸಿ ಇದ್ದರೆ ಸಣ್ಣ ಪೇಟೆಗಳಲ್ಲಿ ಬೋರ್ಡಿನ ಮೇಲೆ ಮಾಲ್ ಎಂದು ಬರೆಸಿಬಿಡುತ್ತಾರೆ, ಆ ಮಾತು ಬೇರೆ. ನಿಜವಾದ ಮಾಲ್, ಅಂದರೆ ಚಲಿಸುವ ಮೆಟ್ಟಿಲು, ಮೇಲಿನ ಮಹಡಿಯಲ್ಲಿ ಸಿನಿಮಾ, ಊಟದ ಸಾಲು ಇರುವಂಥದ್ದು ಬೇಕೆಂದರೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಗೋವೆಯ ಪಣಜಿಗೋ ಪರ್ವರಿಗೋ. ಕಾರವಾರದವರು ಗೋವೆಯತ್ತ ವಾಲುತ್ತಾರೆ. ಸುಂಕಸಾಳದವರಿಗೆ ಹುಬ್ಬಳ್ಳಿಯೇ ಸಲೀಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲಂತೂ ಹೆಂಗಸರ ಲೆಕ್ಕಾಚಾರ ಖಚಿತವಾಯಿತು. ಹುಬ್ಬಳ್ಳಿಯ ಬಸ್ಸಿಗೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಗಡಿಯಾಚೆಯ ಅಂತಾರಾಜ್ಯ ಬಸ್ಸಿಗೆ ಆ ಸೌಲಭ್ಯ ಇಲ್ಲ. ಸರ್ಕಾರಕ್ಕೆ ಗೊತ್ತಿಲ್ಲದೆಯೇ ಅದು ಗೋವೆಯ ಮಾಲ್‌ಗಳ ಗಿರಾಕಿಗಳನ್ನು ಹುಬ್ಬಳ್ಳಿಗೆ ತಿರುಗಿಸಿರಬೇಕು! ಹುಬ್ಬಳ್ಳಿ–ಅಂಕೋಲಾ ರೈಲು ಬಂದಿದ್ದರೆ ಇನ್ನೂ ಸುಲಭವಾಗುತ್ತಿತ್ತು. ಆ ರೈಲಿನ ಮಾತು ಕೇಳುತ್ತ ಕೇಳುತ್ತ ಇಲ್ಲಿ ಒಂದು ತಲೆಮಾರಿಗೆ ಕೂದಲು ನರೆತಿದೆ.

ಘಟ್ಟ ಹತ್ತಿ ಬಟ್ಟೆ ತರುವುದು ಈ ಸೀಮೆಗೆ ಹೊಸದಲ್ಲ. ಮದುವೆ ನಿಶ್ಚಯವಾದರೆ ಜವಳಿ ತೆಗೆಯಲು ಹುಬ್ಬಳ್ಳಿ. ಒಂದು ಟೆಂಪೋ ಅಥವಾ ಮುಂಜಾನೆಯ ಬಸ್ಸು, ಅದರಲ್ಲಿ ಮದುಮಗಳು, ಅವಳ ಅತ್ತೆ, ಸೋದರತ್ತೆ, ಬಣ್ಣದ ವಿಷಯದಲ್ಲಿ ತನ್ನ ಮಾತೇ ನಡೆಯಬೇಕೆನ್ನುವ ಒಬ್ಬ ಚಿಕ್ಕಮ್ಮ, ದುಡ್ಡಿನ ಚೀಲ ಹಿಡಿದ ಮಾವ. ದುರ್ಗದಬೈಲು, ದಾಜಿಬಾನ ಪೇಟೆ, ಕೊಪ್ಪೀಕರ ರಸ್ತೆ. ನಡುವೆ ಎಲ್ಲೋ ಗಿರಮಿಟ್ಟು, ಮಿರ್ಚಿ. ಜವಳಿ ಅಂಗಡಿಯ ಬಿಳಿ ಹಾಸಿನ ಮೇಲೆ ಕೂತು ಸೀರೆ ಬಿಚ್ಚಿಸಿದ್ದೇ ಬಿಚ್ಚಿಸಿದ್ದು. ಕೊನೆಗೆ ಎಲ್ಲರಿಗೂ ಒಂದೊಂದು ಲೋಟ ಚಹಾ ಬಂದುಬಿಟ್ಟರೆ ಮುಗಿಯಿತು, ಇನ್ನು ಬರಿಗೈಯಲ್ಲಿ ಎದ್ದು ಹೋಗುವಂತಿಲ್ಲ. ಆ ಚಹಾದ ಬೆಲೆ ಎಷ್ಟೆಂದು ಜವಳಿ ಅಂಗಡಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮಾಲ್‌ನ ಆಕರ್ಷಣೆ ಎಲ್ಲಿದೆ ಎಂದು ನನಗೆ ಹೊಳೆದದ್ದು ಈ ಚಹಾದ ಲೋಟದಿಂದಲೇ. ಪೇಟೆಯ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ‘ಏನು ಬೇಕು?’ ಎಂಬ ಪ್ರಶ್ನೆ ಎದುರಾಗುತ್ತದೆ. ಏನು ಬೇಕೆಂದು ಗೊತ್ತಿಲ್ಲದವರಿಗೆ, ಗೊತ್ತಿದ್ದರೂ ಕಿಸೆಯಲ್ಲಿ ಅಷ್ಟು ಇಲ್ಲದವರಿಗೆ, ಆ ಪ್ರಶ್ನೆಗೆ ಉತ್ತರವಿಲ್ಲ. ಮಾಲ್‌ನಲ್ಲಿ ಹಾಗೆ ಕೇಳುವವರಿಲ್ಲ. ಹತ್ತು ಸಾವಿರದ ಕೈಗಡಿಯಾರವನ್ನು ಗಾಜಿನಾಚೆ ನಿಂತು ನೋಡಬಹುದು, ಅಂಗಿಯನ್ನು ಮೈಮೇಲೆ ಹಿಡಿದು ಕನ್ನಡಿಯಲ್ಲಿ ಕಣ್ತುಂಬಿಕೊಂಡು ಅಲ್ಲೇ ತೂಗುಹಾಕಿ ಬರಬಹುದು. ಹುಬ್ಬಳ್ಳಿಯ ಅರ್ಬನ್ ಓಯಸಿಸ್ ಮಾಲ್‌ಗೆ ನಮ್ಮ ಕಡೆಯಿಂದ ಹೋದ ಕಾಲೇಜು ಹುಡುಗಿಯರು ಏನು ತಂದಿರಿ ಎಂದರೆ ನಗುತ್ತಾರೆ. ತಂದದ್ದು ಒಂದು ಕಿವಿಯೋಲೆ, ತಿಂದದ್ದು ಐಸ್‌ಕ್ರೀಮು, ತೆಗೆದದ್ದು ಲೆಕ್ಕವಿಲ್ಲದಷ್ಟು ಫೋಟೊ. ಆ ಕಿವಿಯೋಲೆ ಫೋನಿನಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತೆಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ಅವರು ಹೋದದ್ದು ಒಟ್ಟಾಗಿ ತಿರುಗಲು, ಒಂದು ದಿನ ಯಾರದೋ ಮಗಳು, ಯಾರದೋ ತಂಗಿ ಎನ್ನಿಸಿಕೊಳ್ಳದೆ ಇರಲು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಳೆ ಪೇಟೆ ಸುತ್ತುವ ಖುಷಿಯೇ ಇದು. ಮಾಲ್ ಎಂದರೆ ವರ್ಷವಿಡೀ ಮುಗಿಯದ ಜಾತ್ರೆ, ತೇರು ಮತ್ತು ದೇವಿ ಮಾತ್ರ ಇಲ್ಲ.

ಮಾಲ್ ಹುಟ್ಟಿದ್ದೂ ಇಂಥದ್ದೇ ಆಸೆಯಿಂದ. ನಾಜಿಗಳಿಂದ ತಪ್ಪಿಸಿಕೊಂಡು 1938ರಲ್ಲಿ ವಿಯೆನ್ನಾದಿಂದ ಅಮೆರಿಕಕ್ಕೆ ಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್‌ಗೆ ಅಲ್ಲಿನ ಊರುಗಳನ್ನು ನೋಡಿ ಬೇಸರವಾಯಿತಂತೆ. ಎಲ್ಲರೂ ಕಾರಿನಲ್ಲೇ ಓಡಾಡುತ್ತಾರೆ, ನಾಲ್ಕು ಜನ ನಿಂತು ಮಾತಾಡುವ ಚೌಕವಿಲ್ಲ. ವಿಯೆನ್ನಾದ ಪೇಟೆಯನ್ನೇ ಒಂದು ಸೂರಿನಡಿ ಕಟ್ಟಿಕೊಡುತ್ತೇನೆಂದು ಹೊರಟ ಅವನ ಕೈಯಲ್ಲಿ 1956ರಲ್ಲಿ ಮಿನೆಸೋಟಾದ ಈಡೈನಾದಲ್ಲಿ ಸೌತ್‌ಡೇಲ್ ತೆರೆಯಿತು. ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲ್‌ಗಳ ವಂಶಕ್ಕೆ ಅದೇ ಮೂಲಪುರುಷ. ಆಮೇಲೆ ಅದರ ನಕಲುಗಳು ಊರೂರಿನಲ್ಲಿ ಎದ್ದು ಹಳೆಯ ಪೇಟೆಗಳನ್ನು ನುಂಗತೊಡಗಿದಾಗ ಗ್ರೂಯೆನ್ ತನ್ನ ಕೂಸನ್ನು ತಾನೇ ಒಪ್ಪಲಿಲ್ಲ. ವಯಸ್ಸಾದ ಮೇಲೆ ವಿಯೆನ್ನಾಕ್ಕೆ ಮರಳಿದರೆ ಅಲ್ಲಿಯೂ ಊರ ಹೊರಗೆ ಮಾಲ್ ಬಂದಿತ್ತು.

ನಮ್ಮಲ್ಲಿಗೆ ಅದು ಬಂದ ರೀತಿ ಇನ್ನೂ ಸ್ವಾರಸ್ಯಕರ. ಮುಂಬೈಯ ಹಾಜಿ ಅಲಿ ಬಳಿ 1999ರಲ್ಲಿ ಕ್ರಾಸ್‌ರೋಡ್ಸ್ ಮಾಲ್ ತೆರೆದಾಗ ಜನ ಎಷ್ಟು ಮುಗಿಬಿದ್ದರೆಂದರೆ, ಕ್ರೆಡಿಟ್ ಕಾರ್ಡ್ ಅಥವಾ ಮೊಬೈಲ್ ತೋರಿಸಿದವರಿಗೆ ಮಾತ್ರ ಪುಕ್ಕಟೆ ಪ್ರವೇಶ, ಎರಡೂ ಇಲ್ಲದವರು 60 ರೂಪಾಯಿ ಕೊಡಬೇಕು ಎಂದು ನಿಯಮ ಮಾಡಿದರು. ಬೆಂಗಳೂರಿಗೆ ಕೋರಮಂಗಲದ ಫೋರಂ ಬಂದದ್ದು 2004ರಲ್ಲಿ. ಮರುವರ್ಷ ಗರುಡಾ, 2010ರಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್. ಇಪ್ಪತ್ತು ವರ್ಷದಲ್ಲಿ ಕಾವಲುಗಾರನ ಕಣ್ಣು ಬದಲಾಗಿದೆ ಎಂದುಕೊಂಡಿದ್ದೆವು. 2024ರ ಜುಲೈ 16ರಂದು ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ವಿಧಾನಸಭೆಯಲ್ಲಿ ಗದ್ದಲವಾಗಿ, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಅದೇ ದಿನ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿ ಅದನ್ನು ನಡೆಸುತ್ತಿದ್ದ ಕುಟುಂಬದ ಸಮೇತ ಗಂಗಾವಳಿ ಪಾಲಾಗಿತ್ತು. ಪಂಚೆ ಉಟ್ಟವರಿಗೂ ಲುಂಗಿ ಕಟ್ಟಿದ ಲಾರಿ ಡ್ರೈವರಿಗೂ ಒಂದೇ ಬೆಂಚು ಹಾಕಿದ್ದ ಅಂಗಡಿ ಅದು. ಪತ್ರಿಕೆಗಳಲ್ಲಿ ಆ ವಾರ ಎರಡೂ ಸುದ್ದಿ ಅಕ್ಕಪಕ್ಕ ಬಂದವು.

ಮುಖ ನೋಡಿ ಮಣೆ ಹಾಕುವ ಚಾಳಿ ಮಾಲ್‌ನದ್ದು ಮಾತ್ರ ಎಂದರೆ ಸುಳ್ಳಾಗುತ್ತದೆ. ಪೇಟೆಯ ಅಂಗಡಿಗಳಲ್ಲೂ ಯಾರಿಗೆ ಸ್ಟೂಲು, ಯಾರಿಗೆ ಬಾಗಿಲ ಹೊರಗಿನ ಕಟ್ಟೆ ಎಂಬುದು ನಿಗದಿಯಾಗಿತ್ತು. ಕಾಡಿನೊಳಗಿನ ಕೇರಿಗಳಿಂದ ಬಂದವರಿಗೆ ಕೊನೆಯ ಸರದಿ, ಮೊದಲ ದರ್ಜೆಯ ಬೆಲೆ. ಫೋನಿನ ಅಂಗಡಿಯ ಗೆಲುವಿನಲ್ಲಿ ಅಗ್ಗದ ಬೆಲೆಗಿಂತ ಇದರ ಪಾಲು ದೊಡ್ಡದು ಎಂಬುದು ನನ್ನ ಗುಮಾನಿ. ಸಿದ್ದಿ ಹುಡುಗಿಗೂ ಶಾನಭಾಗರ ಮಗಳಿಗೂ ಅಲ್ಲಿ ಒಂದೇ ದರ, ಒಂದೇ ‘ನಮಸ್ಕಾರ’. ಒಳಉಡುಪಿನ ಅಳತೆಯನ್ನು ಊರ ಗಂಡಸಿನೆದುರು ಹೇಳಬೇಕಿಲ್ಲ. ಮುಟ್ಟಿನ ಪ್ಯಾಡನ್ನು ಕಾಗದದಲ್ಲಿ ಸುತ್ತಿಸಿಕೊಂಡು ತಲೆ ತಗ್ಗಿಸಿ ಹೋಗಬೇಕಿಲ್ಲ. ಊರ ಉಸಾಬರಿಯಿಂದ ಸಿಗುವ ಈ ಬಿಡುಗಡೆಗೆ ಪೇಟೆ ಅಂಗಡಿಯವರು ಬೆಲೆ ಕಟ್ಟಲೇ ಇಲ್ಲ. ರಿಯಾಯಿತಿ ದರದ ಮೇಲೆ ಮಾತ್ರ ಸಿಟ್ಟಾದರು.

ಈ ವ್ಯಾಪಾರದ ದೊಡ್ಡ ಮನೆತನಗಳು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವು ಎಂಬುದನ್ನೂ ನೆನೆಯಬೇಕು. 1999ರಲ್ಲಿ ಫ್ಯಾಬ್‌ಮಾರ್ಟ್, 2007ರಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ, 2015ರಲ್ಲಿ ಮೀಶೋ. ಪುಸ್ತಕ ಮಾರುತ್ತಿದ್ದ ಫ್ಲಿಪ್‌ಕಾರ್ಟ್ 2010ರಲ್ಲಿ ‘ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡಿ’ ಎಂದದ್ದೇ ತಿರುವು. ಕಾಣದ ವ್ಯಾಪಾರಿಗೆ ಮುಂಗಡ ಕೊಡುವುದುಂಟೇ ಎಂದು ಅನುಮಾನಿಸುತ್ತಿದ್ದ ಊರುಗಳೆಲ್ಲ ಆಗ ಬಾಗಿಲು ತೆರೆದವು. ಸುಂಕಸಾಳದಲ್ಲಿ ಇವತ್ತಿಗೂ ಫೋನ್‌ಪೇ ಇದ್ದವರು ಸಹ ಪಾರ್ಸೆಲ್ಲಿಗೆ ನೋಟನ್ನೇ ಎಣಿಸುತ್ತಾರೆ. ನೋಡದೆ ಕೊಳ್ಳಬಾರದೆಂಬ ಹಳೆಯ ಬುದ್ಧಿ ಅಷ್ಟರಮಟ್ಟಿಗೆ ಗಟ್ಟಿ.

ಕಷ್ಟಗಳು ಇಲ್ಲವೆಂದಲ್ಲ. ನಮ್ಮ ನೆಂಟರ ಮನೆಯಲ್ಲಿ ಮಳೆಗಾಲಕ್ಕೆಂದು ತರಿಸಿದ ರೇನ್‌ಕೋಟು ಬಂದದ್ದು ಚೌತಿಯ ಹೊತ್ತಿಗೆ, ಅದೂ ಮಗುವಿನ ಅಳತೆಯದು. ಮರಳಿಸಬೇಕೆಂದರೆ ಮತ್ತೆ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. ಇಂಥವರಿಗೆ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಇದು ಬಹಳ ಜನರಿಗೆ ತಿಳಿದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವ್ಯಾಪಾರಿಯ ಕಚೇರಿ ದಿಲ್ಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕೊಂಡವರು ತಾವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸುಂಕಸಾಳದವರು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ ಸಾಕು. ಅದಕ್ಕೂ ಮೊದಲು 1915 ನಂಬರಿಗೆ ಫೋನ್ ಮಾಡಿ ನೋಡಬಹುದು.

ಮಾಲ್ ಗೆಲ್ಲುತ್ತದೋ ಫೋನು ಗೆಲ್ಲುತ್ತದೋ ಎಂಬ ಚರ್ಚೆ ಪಟ್ಟಣದ ಪತ್ರಿಕೆಗಳಿಗೆ ಪ್ರಿಯವಾದದ್ದು. ಲೆಕ್ಕ ನೋಡಿದರೆ ಎರಡೂ ಹೇಳಿಕೊಳ್ಳುವಷ್ಟು ಗೆದ್ದಿಲ್ಲ. ಆನ್‌ಲೈನ್ ವ್ಯಾಪಾರದ ತವರಾದ ಅಮೆರಿಕದಲ್ಲೇ 2024ರಲ್ಲಿ ಚಿಲ್ಲರೆ ವ್ಯಾಪಾರದ ನೂರು ಡಾಲರಿನಲ್ಲಿ ಅದರ ಪಾಲು ಸುಮಾರು 16. ಭಾರತದಲ್ಲಿ ಅಂದಾಜುಗಳೆಲ್ಲ ನೂರಕ್ಕೆ ಹತ್ತರ ಒಳಗೇ ನಿಲ್ಲುತ್ತವೆ. ಮಾಲ್‌ಗಳ ಕಥೆಯೋ, ನೈಟ್ ಫ್ರ್ಯಾಂಕ್ ಸಂಸ್ಥೆ 2023ರಲ್ಲಿ 64 ಪಾಳು ಮಾಲ್‌ಗಳನ್ನು ಎಣಿಸಿತು. ಕಟ್ಟಡ ಇದೆ, ಒಳಗೆ ಬಹಳಷ್ಟು ಜಾಗ ಖಾಲಿ. ದೊಡ್ಡವು ಮತ್ತೂ ದೊಡ್ಡದಾಗುತ್ತವೆ, ಸಣ್ಣವು ಬಿಕೋ ಎನ್ನುತ್ತವೆ. ಹಾಗಾದರೆ ನಾವು ಉಳಿದದ್ದನ್ನೆಲ್ಲ ಎಲ್ಲಿ ಕೊಳ್ಳುತ್ತಿದ್ದೇವೆ? ಶೇಟ್ರ ಅಂಗಡಿಯಲ್ಲಿ ಮತ್ತು ಸಂತೆಯಲ್ಲಿ.

ಶೇಟ್ರ ಅಂಗಡಿಗೆ ಇನ್ನೂ ಉಸಿರಿರುವುದು ಉದ್ರಿ ಪುಸ್ತಕದಿಂದ. ಗಂಗಾವಳಿ ಕಣಿವೆಯ ಮನೆಗಳಲ್ಲಿ ಕೈಗೆ ದುಡ್ಡು ಬರುವುದು ಅಡಿಕೆ ಕೊಯ್ಲಿನ ಮೇಲೆ, ಮಳೆಗಾಲದಲ್ಲಿ ಅಲ್ಲ. ಜೂನ್ ಬರುವ ಮೊದಲು ಮಳೆಗಾಲದ ಸಾಮಾನು ಮನೆ ಸೇರಬೇಕು: ಅಕ್ಕಿ, ಬ್ಯಾಡಗಿ ಮೆಣಸು, ಕುಮಟೆಯ ಸಿಹಿ ಈರುಳ್ಳಿಯ ಗೊಂಚಲು, ಒಣಮೀನು, ಉಪ್ಪು, ಬೆಲ್ಲ. ‘ಬರೆದಿಟ್ಕಣಿ’ ಎಂದರೆ ಬರೆದುಕೊಳ್ಳುವವರು ಬೇಕು. 2019ರ ಆಗಸ್ಟಿನಲ್ಲಿ ಗಂಗಾವಳಿ ಊರಿಗೆ ನುಗ್ಗಿದಾಗ, 2021ರ ಜುಲೈನಲ್ಲಿ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋದಾಗ, ಯಾವ ಆ್ಯಪಿನಲ್ಲೂ ಅಕ್ಕಿ ಬರಲಿಲ್ಲ. ಈಗ ಫೋನಿನಲ್ಲೂ ‘ಆಮೇಲೆ ಕೊಡಿ’ ಎಂಬ ಸೌಲಭ್ಯವಿದೆ. ಆದರೆ ತೋಟಕ್ಕೆ ಕೊಳೆ ರೋಗ ಬಂದ ವರ್ಷ ಕಂತು ಮುಂದೂಡುವಷ್ಟು ನಿಮ್ಮ ತೋಟ ಅದಕ್ಕೆ ಗೊತ್ತಿಲ್ಲ. ಶೇಟ್ರಿಗೆ ಗೊತ್ತು. ಅದೇ ಶೇಟ್ರು ಉದ್ರಿಯ ನೆಪದಲ್ಲಿ ಕಿಲೋಗೆ ಎರಡು ರೂಪಾಯಿ ಜಾಸ್ತಿ ಹಚ್ಚುವುದೂ ಊರಿಗೆ ಗೊತ್ತು.

ಅಂಗಡಿ ಕಣ್ಣೆದುರು ಇರುತ್ತದೆ ಎಂಬುದರಲ್ಲಿ ಇನ್ನೊಂದು ಬಲವಿದೆ, ಅಂಕೋಲೆಯ ಇತಿಹಾಸ ಅದಕ್ಕೆ ಸಾಕ್ಷಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾನೂನು ಮುರಿದು, ಉಪ್ಪಿನ ಪೊಟ್ಟಣಗಳನ್ನು ಜನರೆದುರೇ ಹರಾಜು ಹಾಕಿದರು. ಅವತ್ತು ಉಪ್ಪು ಕೊಂಡವರು ಅಡುಗೆಗೆಂದು ಕೊಂಡದ್ದಲ್ಲ, ಕೊಂಡದ್ದು ನಾಲ್ಕು ಜನರಿಗೆ ಕಾಣಲಿ ಎಂದು. ಮುಂದೆ ಇದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಅಂಗಡಿ ಬೇಡವೆಂದು ಹೋರಾಡಿದರು. ಹಾಡಿನ ಕೋಗಿಲೆ ಎಂದು 2017ರಲ್ಲಿ ಪದ್ಮಶ್ರೀ ಪಡೆದ ಅಜ್ಜಿಗೆ ಅಂಗಡಿಯ ಬಾಗಿಲಲ್ಲಿ ಕೂರುವ ಗಟ್ಟಿತನವೂ ಇತ್ತು. ವ್ಯಾನಿನಲ್ಲಿ ಬಂದು ಹೋಗುವ ಪಾರ್ಸೆಲ್ಲಿನೆದುರು ಹೀಗೆ ಕೂರಲಾಗದು. ಕೂರಬೇಕೆಂದರೆ ಎಲ್ಲಿ ಕೂರುವುದು?

ಇಷ್ಟೆಲ್ಲ ಹೇಳಿದ್ದು ಸಂತೆಯ ಮಾತಿಗೆ ಬರಲು. ಶನಿವಾರ ಅಂಕೋಲೆ, ಭಾನುವಾರ ಕಾರವಾರ, ಬುಧವಾರ ಕುಮಟೆ. ನಸುಕಿನಲ್ಲೇ ಹೊರಡುವ ಬಸ್ಸುಗಳಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಏರಿಸುತ್ತಾರೆ. ಕೊರಳು ತುಂಬ ಕರಿಮಣಿ ಸರ, ಬುಟ್ಟಿಯಲ್ಲಿ ಬಸಳೆ, ಹರಿವೆ, ಮೊಗೆಕಾಯಿ, ಗೆಣಸು, ಬಾಳೆದಿಂಡು, ಕಾಲಕ್ಕೆ ತಕ್ಕಂತೆ ಅಬ್ಬಲಿಗೆ ಹೂವು. ಮೇ ತಿಂಗಳಾದರೆ ಕರಿ ಇಷಾಡು. ಅಂಕೋಲೆಯ ಈ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಿಪ್ಪೆ ತೆಳು, ರಸ ಜಾಸ್ತಿ, ಹಣ್ಣಾದ ಮೇಲೆ ಬಹಳ ದಿನ ಇಡುವಂತಿಲ್ಲ. ಕೊರಿಯರ್‌ನವರು ಎಸೆದಾಡುವ ಪೆಟ್ಟಿಗೆಗೆ ಹುಟ್ಟಿದ ಹಣ್ಣಲ್ಲ ಅದು. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂಸಿ, ಒಂದನ್ನು ಅಲ್ಲೇ ಹಿಂಡಿ ತಿಂದು ಕೊಳ್ಳಬೇಕು.

ಇಲ್ಲೊಂದು ಸಂಗತಿ ಗಮನಿಸಿ. ಹತ್ತು ಗಂಟೆಗೆ ಬುಟ್ಟಿ ಖಾಲಿಯಾದ ಮೇಲೆ ಅದೇ ಹೆಂಗಸು ಎದ್ದು ಮೀನು ಪೇಟೆಗೆ ಹೋಗುತ್ತಾಳೆ, ಬಂಗಡೆಯ ದರ ಕೇಳಿ ಬಾಯಿ ಬಡಿದುಕೊಳ್ಳುತ್ತಾಳೆ, ಚೌಕಾಸಿ ಮಾಡಿ ಕೊಳ್ಳುತ್ತಾಳೆ. ಮೀನು ಮಾರಿದವಳು ಮಧ್ಯಾಹ್ನ ಇವಳ ಸಾಲಿಗೆ ಬಂದು ಬಸಳೆ ಒಯ್ಯುತ್ತಾಳೆ. ಹುಬ್ಬಳ್ಳಿ, ಹಾವೇರಿ ಕಡೆಯಿಂದ ಈರುಳ್ಳಿ, ಬಟಾಟೆ, ಮೆಣಸು ತಂದವನು ವಾಪಸು ಹೋಗುವಾಗ ತೆಂಗಿನಕಾಯಿ, ಒಣಮೀನು ಕಟ್ಟಿಕೊಳ್ಳುತ್ತಾನೆ. ಸಂತೆಯಲ್ಲಿ ಬೆಳಿಗ್ಗೆ ಮಾರುವವರೇ ಮಧ್ಯಾಹ್ನ ಕೊಳ್ಳುವವರು. ಮಾಲ್‌ನಲ್ಲಿ, ಫೋನಿನಲ್ಲಿ ನಮಗಿರುವುದು ಕೊಳ್ಳುವ ಪಾತ್ರ ಒಂದೇ. ಸುಂಕಸಾಳದಿಂದ ಅಲ್ಲಿಗೆ ದುಡ್ಡು ಹೋಗುತ್ತದೆ, ಅಲ್ಲಿಂದ ಇಲ್ಲಿಗೆ ಸಾಮಾನು ಬರುತ್ತದೆ. ಇಲ್ಲಿಂದ ಒಂದು ಬುಟ್ಟಿ ಬಸಳೆ ಆ ಮೆಟ್ಟಿಲು ಹತ್ತುವುದಿಲ್ಲ.

ಈ ಘಟ್ಟದ ರಸ್ತೆಯ ಹಳೆಯ ಕಥೆ ಬಲ್ಲವರಿಗೆ ಇಂಥ ಒಮ್ಮುಖ ವ್ಯಾಪಾರ ಹೊಸದೆನಿಸುವುದಿಲ್ಲ. ಧಾರವಾಡ ಸೀಮೆಯ ಹತ್ತಿಯನ್ನು ಸಮುದ್ರಕ್ಕೆ ಇಳಿಸಲು ಬ್ರಿಟಿಷರು ಘಟ್ಟದ ದಾರಿಗಳನ್ನು ಅಗಲ ಮಾಡಿದ್ದು. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ತುಟ್ಟಿಯಾದಾಗ ಕಾರವಾರದ ಬಂದರಿನ ಮೇಲೆ ಅವರ ಕಣ್ಣು ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕ ಇತ್ತು. 1865ರಲ್ಲಿ ಯುದ್ಧ ಮುಗಿಯಿತು, ಉತ್ಸಾಹವೂ ಇಳಿಯಿತು. ಆದರೂ ಆಗ ಕೆಳಗಿಳಿಯುವ ಗಾಡಿಗಳಲ್ಲಿ ರೈತ ಬೆಳೆದದ್ದು ಏನೋ ಇತ್ತು.

ನಮಗಿರುವುದು ಕೊಳ್ಳುವ ಪಾತ್ರ ಒಂದೇ ಎಂಬ ಮಾತಿಗೆ ಜಿಲ್ಲೆಯಲ್ಲಿ ಒಂದು ಅಪವಾದ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ಎಲ್ಲರ ಬಾಯಲ್ಲಿ ಟಿ.ಎಸ್.ಎಸ್., 1923ರಲ್ಲಿ ಅಡಿಕೆ ಬೆಳೆಗಾರರು ದಲ್ಲಾಳಿಗಳಿಂದ ಪಾರಾಗಲು ಕಟ್ಟಿಕೊಂಡ ಸಹಕಾರಿ ಸಂಘ. ಮುಂದೆ ಅದು ಸೂಪರ್ ಮಾರ್ಕೆಟನ್ನೂ ತೆರೆಯಿತು. ಯಾರ್ಡಿನಲ್ಲಿ ಅಡಿಕೆ ಟೆಂಡರಿಗೆ ಇಟ್ಟು, ದುಡ್ಡು ಖಾತೆಗೆ ಬಂದ ಮೇಲೆ ಗೊಬ್ಬರದಿಂದ ಹಿಡಿದು ಮಿಕ್ಸರಿನ ತನಕ ತಮ್ಮದೇ ಸಂಘದಲ್ಲಿ ಕೊಂಡು, ಹೆಂಡತಿ ಮಕ್ಕಳೊಂದಿಗೆ ಮನೆಗೆ ಮರಳುವ ಬೆಳೆಗಾರರನ್ನು ಅಲ್ಲಿ ಕಾಣಬಹುದು. ಮಾಲ್ ಎಂಬ ಬೋರ್ಡು ಅದಕ್ಕಿಲ್ಲ. ಆದರೆ ಮಾರಲೂ ಕೊಳ್ಳಲೂ ಒಂದೇ ಕಡೆ ಮರ್ಯಾದೆ ಸಿಗುವ ದೊಡ್ಡ ಅಂಗಡಿ ಹೇಗಿರಬಹುದು ಎಂದು ಕೇಳಿದರೆ ನಾನು ಅತ್ತ ಬೆರಳು ತೋರಿಸುತ್ತೇನೆ. ಅಡಿಕೆಗೆ ಆದದ್ದು ಬಸಳೆಗೆ, ಇಷಾಡಿಗೆ, ಮೀನಿಗೆ ಆಗಲಿಲ್ಲ. ಅಡಿಕೆ ತೋಟ ಇದ್ದವರ ಮಾತಿಗೆ ಇದ್ದ ತೂಕ ಬುಟ್ಟಿ ಹೊತ್ತವರ ಮಾತಿಗೆ ಇರಲಿಲ್ಲ.

2025ರ ಜನವರಿ 22, ಬುಧವಾರ. ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿ ನಸುಕಿನ ಕತ್ತಲಲ್ಲಿ ಅರಬೈಲ್ ಘಟ್ಟದಲ್ಲಿ, ಗುಳ್ಳಾಪುರದ ಹತ್ತಿರ ಉರುಳಿತು. ಸರಕಿನ ಮೇಲೆಯೇ ಕುಳಿತು ಬರುತ್ತಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಸತ್ತರು, ಹದಿನೈದಕ್ಕೂ ಹೆಚ್ಚು ಜನ ಗಾಯಗೊಂಡರು. ಸುಂಕಸಾಳದಿಂದ ಘಟ್ಟದ ಕಡೆಗೆ ಹೊರಟರೆ ಸಿಗುವ ಜಾಗವೇ ಅದು. ಬೆಂಗಳೂರಿನ ಗೋದಾಮಿನಿಂದ ಹೊರಟ ಮಿಕ್ಸರಿಗೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಸುತ್ತಿರುತ್ತಾರೆ, ವಿಮೆ ಇರುತ್ತದೆ, ಈಗ ಎಲ್ಲಿದೆ ಎಂದು ಗಳಿಗೆಗೊಮ್ಮೆ ಫೋನಿಗೆ ಸಂದೇಶ ಬರುತ್ತದೆ. ಸಂತೆಗೆ ಬರುವ ಮನುಷ್ಯರು ಈರುಳ್ಳಿ ಚೀಲದ ಮೇಲೆ ಕೂತು ಘಟ್ಟ ಇಳಿಯುತ್ತಾರೆ. ಪರಿಹಾರ ಘೋಷಣೆಯಾಯಿತು. ಮುಂದಿನ ಬುಧವಾರ ಮತ್ತೆ ಸಂತೆ ಕೂಡಿತು.

ಮಾಲ್ ಚೆನ್ನಾಗಿರುವುದು ಯಾಕೆ ಎಂದು ಹುಬ್ಬಳ್ಳಿಗೆ ಹೋಗಿ ಬಂದ ನಮ್ಮ ಕಡೆಯ ಹೆಂಗಸರನ್ನು ಕೇಳಿದರೆ ಬಟ್ಟೆಯ ಮಾತು ಆಮೇಲೆ ಬರುತ್ತದೆ. ಮೊದಲು ಹೇಳುವುದು ಶುಚಿಯಾದ ಶೌಚಾಲಯದ ಬಗ್ಗೆ. ಆಮೇಲೆ ಕೂರಲು ಬೆಂಚು, ಮಳೆ ಬಂದರೆ ನೆನೆಯದ ಮಾಡು, ಕುಡಿಯಲು ನೀರು, ಯಾರೂ ಎಬ್ಬಿಸದ ಜಾಗ. ಇವುಗಳಲ್ಲಿ ಯಾವುದೂ ಕೋಟಿಗಟ್ಟಲೆ ಬಂಡವಾಳದವರು ಮಾತ್ರ ಕೊಡಬಲ್ಲಂಥದ್ದಲ್ಲ. ಸಂತೆಯಲ್ಲಿ ಟಾರ್ಪಲ್ಲಿನಡಿ ಕೂತು ಮಾರುವ ಹೆಂಗಸರು ನಸುಕಿನಿಂದ ಸಂಜೆಯವರೆಗೆ ನೀರು ಕಡಿಮೆ ಕುಡಿಯುವುದು ಬಾಯಾರಿಕೆ ಇಲ್ಲದೆ ಅಲ್ಲ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯ್ದೆ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಎಂದು ಅದು ಹೇಳುತ್ತದೆ. ಬುಟ್ಟಿ ಹೊತ್ತು ಬಂದವರನ್ನು ಆ ಸಭೆಯ ಕುರ್ಚಿಯಲ್ಲಿ ಕೂರಿಸಿ ಕೇಳಿದರೆ ಏನು ಬೇಕೆಂದು ಅವರೇ ಹೇಳುತ್ತಾರೆ.

ಅಂಕೋಲೆಯ ಪುರಸಭೆ, ಕಾರವಾರ ಮತ್ತು ಕುಮಟೆಯ ಆಡಳಿತಗಳಲ್ಲಿ ಕೇಳುವುದು ಇಷ್ಟು: ಸಂತೆ ಕೂಡುವ ಜಾಗಕ್ಕೆ ಮಾಡು ಹಾಕಿಸಿ, ಹೆಂಗಸರಿಗೆ ನೀರಿರುವ ಶೌಚಾಲಯ ಕಟ್ಟಿಸಿ, ಅದರ ಕೀಲಿಯನ್ನು ಕಚೇರಿಯಲ್ಲಿ ಇಟ್ಟುಕೊಳ್ಳಬೇಡಿ. ಸಾರಿಗೆ ಸಂಸ್ಥೆಯವರಿಗೆ ಇನ್ನೊಂದು ಮಾತು. ಶಕ್ತಿ ಯೋಜನೆ ಹೆಂಗಸರಿಗೆ ಟಿಕೆಟ್ ಮಾಫಿ ಮಾಡಿತು, ಮಿತಿ ಮೀರಿದ ಅವರ ಬುಟ್ಟಿಗೆ ಮಾಡಲಿಲ್ಲ. ಸಂತೆಯ ದಿನ ನಸುಕಿಗೆ ಬುಟ್ಟಿ ಹೇರಲು ಜಾಗವಿರುವ ಒಂದು ಬಸ್ಸನ್ನು ಸುಂಕಸಾಳದಿಂದ ಅಂಕೋಲೆಗೆ, ಇನ್ನೊಂದನ್ನು ಸವಣೂರಿನಿಂದ ಕುಮಟೆಗೆ ಬಿಡಿ. ಓದುವ ನಿಮಗೂ ಒಂದು ಕೋರಿಕೆ ಇದೆ: ಅಂಗಿಯನ್ನು ಎಲ್ಲಿ ಬೇಕಾದರೂ ಕೊಳ್ಳಿ, ಶನಿವಾರದ ಬಸಳೆಯನ್ನು ಮಾತ್ರ ಬುಟ್ಟಿಯಿಂದಲೇ ತನ್ನಿ, ಚೌಕಾಸಿ ಸ್ವಲ್ಪ ಕಡಿಮೆ ಮಾಡಿ.